ಅವಾತಿಫ್ ಪಿರಮಿಡ್ ನೋಡೋಕೆ ಹೋಗಿದ್ದು

"ಮೇಡಂ, ನಿಮ್ದು ಯಾವ ದೇಶ?" ಒಂಟೆ ಹಗ್ಗ ಹಿಡ್ಕೊಂಡು ಹೋಗ್ತಾ ಶಾಬಾನ್ ಕೇಳ್ದ. ವಾರವಿಡೀ ಪ್ರವಾಸಿಗರನ್ನ ಪಿರಮಿಡ್ ಸುತ್ತ ತಿರುಗ್ಸಿ ತಿರುಗ್ಸಿ ಅವನಿಗೆ ನಡೀತಾನೇ ನಿದ್ದೆ ಬರ್ತಿತ್ತು; ಒಂಟೆ ಅಂತೂ ಗೊರಕೇನೇ ಹೊಡೀತಿತ್ತು.

"ನಿಮ್ಮನೆ ಅಡುಗೆಮನೆ ದೇಶ, ಸ್ವಾಮಿ!"

ಶಾಬಾನ್‌ಗೆ ಎಚ್ಚರ ಆಯ್ತು. ಒಂಟೆ ಮೇಲಿದ್ದೋಳು ಹೆಂಡ್ತಿ ಅವಾತಿಫ್. ಮದುವೆಯಾಗಿ, ಮೊಮ್ಮಕ್ಕಳೂ ಆಗಿ, ಇವತ್ತು ಮೊದಲ್ನೇ ಸಲ ಅವಳನ್ನ ಸುತ್ತಾಡ್ಸೋಕೆ ಕರ್ಕೊಂಡ್ ಬಂದಿದ್ದ.

"ಸಾಕು ಕಣೇ, ಇಳಿ. ಹೋಗಿ ಮಲಗೋಣ. ಈ ಕಲ್ಲು ನಮ್ಮ ಮಾಳಿಗೆಯಿಂದ್ಲೂ ಕಾಣುತ್ತೆ."

"ಕಲ್ಲು ನೋಡೋಕೆ ಯಾರ್ ಬಂದ್ರು?" ಅವಳು ಜೀನು ಬಿಗಿಯಾಗಿ ಹಿಡ್ಕೊಂಡ್ಲು. "ಪರದೇಶದೋರಿಗೆ ಹೇಳ್ತೀರಲ್ಲ, ಆ ಸುಳ್ಳುಗಳು! ಒಂದೂ ಬಿಡದೆ ನಂಗೂ ಹೇಳಿ."

ಶಾಬಾನ್ ಉದ್ದಕ್ಕೆ ಆಕಳಿಸ್ದ, ಮುಖ ಒರೆಸ್ಕೊಂಡ. "ಮೇಡಂ, ಆ ತುದೀಲಿರೋ ಕಲ್ಲಿದೆಯಲ್ಲ, ಅದನ್ನ ನಮ್ಮಜ್ಜ ಒಂದೇ ಕೈಲಿ ಇಟ್ಟಿದ್ದು. ಇನ್ನೊಂದ್ ಕೈಲಿ ಚಹಾ ಲೋಟ ಇತ್ತು."