ಬೆಲ್ಲದ ಚೂರು

ಧರ್ಮಸಭೆ ಹೇಳಿದ್ದನ್ನು ಹಾಗೆಯೇ ನಂಬಿದವರ ಬಾಯಲ್ಲಿ, ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಸಿಹಿಯಾಗುತ್ತಿತ್ತು. ಒಂದು ಮಾತನ್ನು ಬೇರೆ ಥರ ನಂಬಿದರೂ ಬೇವಿನಷ್ಟು ಕಹಿ. ಅಂಥವರಿಗಾಗಿ ಚರ್ಚಿನ ಬಾಗಿಲಲ್ಲಿ ಒಂದು ತಟ್ಟೆ ಬೆಲ್ಲ ಇಡುತ್ತಿದ್ದರು. ಯಾರು ಅದಕ್ಕೆ ಕೈ ಹಾಕುತ್ತಾರೆಂದು ಉಳಿದವರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಆರೋಗ್ಯಮ್ಮ ಒಂದು ದಿನವೂ ಕೈ ಹಾಕಿದವಳಲ್ಲ. ಮೂವತ್ತು ವರ್ಷದಿಂದ ತನಗೆ ಕಹಿಯಾಗುತ್ತಿದೆ ಎಂದು ಆಕೆ ಹೇಳಿಕೊಂಡಿದ್ದು ಫಾದರ್ ರಾಯಪ್ಪನವರಿಗೆ ಮಾತ್ರ. ಈಗ ಆಕೆ ಹಾಸಿಗೆ ಹಿಡಿದಿದ್ದಳು. ಫಾದರ್ ಬೆಳಿಗ್ಗೆಯೇ ಮನೆಗೆ ಪ್ರಸಾದ ತಂದರು. ಜೇಬಿನಲ್ಲಿ ಬೆಲ್ಲದ ಚೂರೂ ಇತ್ತು.

"ಕಡೇ ಸಲನಾದ್ರೂ ಸಿಹಿಯಾಗಿ ತಗೊಳ್ಳಿ ಅಮ್ಮ. ನಿಮ್ಮದು ಒಂದೇ ತಪ್ಪು. ಯಜಮಾನ್ರು ಜ್ಞಾನಸ್ನಾನ ಇಲ್ದೇ, ಕ್ರೈಸ್ತರಾಗ್ದೇನೇ ತೀರ್ಕೊಂಡ್ರು. ಅವರು ಸ್ವರ್ಗದಲ್ಲಿದ್ದಾರೆ ಅನ್ನೋ ಹಟ ಬಿಟ್ಬಿಡಿ."

ಆರೋಗ್ಯಮ್ಮ ಫಾದರ್ ಕಡೆ ಮುಖ ತಿರುಗಿಸಿದಳು.

"ಪ್ರತಿ ಭಾನುವಾರ ನನ್ನನ್ನ ಸೈಕಲ್ಲಲ್ಲಿ ಕೂರಿಸ್ಕೊಂಡು ಬರೋರು ಸ್ವಾಮಿ. ಜ್ಞಾನಸ್ನಾನ ಇಲ್ದವ್ರನ್ನ ಒಳಗೆ ಬಿಡಲ್ವಲ್ಲ, ಪೂಜೆ ಮುಗಿಯೋವರೆಗೂ ಬಿಸಿಲಲ್ಲಿ ಹೊರಗೇ ನಿಂತಿರೋರು. ನನ್ನ ಬಾಯಿ ಸಿಹಿಯಾಗ್ಲಿ ಅಂತ ಅಲ್ಲೂ ಅವರನ್ನ ಹೊರಗೇ ನಿಲ್ಲಿಸ್ಲಾ?"

ಫಾದರ್ ಪ್ರಸಾದ ಕೊಟ್ಟರು. ಆಕೆ ಮುಖ ಕಿವುಚದೆ ನುಂಗಿದಳು. ಬೆಲ್ಲ ಬೇಡವೆಂದು ತಲೆಯಾಡಿಸಿದಳು.

ಮರುದಿನದ ಪೂಜೆಯಲ್ಲಿ ಫಾದರ್ ರಾಯಪ್ಪನವರ ಬಾಯಲ್ಲಿ ಮೊದಲ ಬಾರಿಗೆ ಪ್ರಸಾದ ಕಹಿಯಾಯಿತು. ಬೆಲ್ಲದ ಚೂರು ಇನ್ನೂ ಜೇಬಿನಲ್ಲೇ ಇತ್ತು. ಅದನ್ನು ಮುಟ್ಟದೆ ಅವರು ಜನರ ಕಡೆ ತಿರುಗಿ, ಬಿಸಿಲಲ್ಲಿ ಹೊರಗೆ ನಿಂತವರನ್ನೆಲ್ಲ ಒಳಗೆ ಬರಹೇಳಿದರು.