ಮಫ್ಲರಿನ ಗಂಟು

ಏಳು ಕಡಲಿನಾಚೆ ಇಂಗ್ಲೆಂಡಿನಲ್ಲಿ ಒಂದು ಪುಟ್ಟ ಫುಟ್‌ಬಾಲ್ ತಂಡವಿತ್ತಂತೆ. ಪ್ರತಿ ಮೇ ತಿಂಗಳು ಮೇಲಿನ ಡಿವಿಷನ್ನಿನ ಹೊಸ್ತಿಲವರೆಗೆ ಬಂದು, ಪ್ಲೇ-ಆಫ್‌ನಲ್ಲಿ ಸೋತು ಮರಳುತ್ತಿತ್ತಂತೆ. ಆ ತಂಡದ ಊರಲ್ಲಿ ಓದಿ ಬಂದಿದ್ದ ಶಾಂಭವಿ, ತಂಡ ಮೇಲೇರಿದ ದಿನವೇ ಬಿಚ್ಚುವೆನೆಂದು ಹರಕೆ ಹೊತ್ತು, ಅದರ ಮಫ್ಲರಿಗೆ ಗಂಟು ಹಾಕಿದ್ದಳು. ಆರು ವರ್ಷವಾಗಿತ್ತು.

ಈಗ ಅಮೆರಿಕದ ಕೇಟಿ ಎಂಬ ಊರಿನ ಅವಳ ಮನೆಯೊಳಗೆ ಬೆಳಗಿನ ಬಿಸಿಲು ಟಿವಿಯ ಹುಲ್ಲಿನ ಮೇಲೆ ಚೆಲ್ಲಿತ್ತು. ಯಾವ ಬಿಸಿಲು ಇಲ್ಲಿಯದು, ಯಾವುದು ಅಲ್ಲಿಯದು ತಿಳಿಯದು. ಫೈನಲ್ಲಿನ ಕೊನೆಯ ಪೆನಾಲ್ಟಿ. ಹೊಡೆದರೆ ಗೆದ್ದಂತೆ. ಅವಳ ಬೆರಳು ಗಂಟಿನತ್ತ ಸರಿಯಿತು.

“ಏ ಖೋಡಿ, ಕೈ ಹಚ್ಚಬ್ಯಾಡ!” ಅಜ್ಜಿ ಮಲ್ಲವ್ವ ಗದರಿದಳು. “ಹೋದ ವರ್ಷ ಮೊದಲ ಸಡ್ಲ ಮಾಡೇ ಅವರನ್ನ ಸೋಲಿಸಿದಿ.”

“ಬರೇ ಹಿಡ್ಕೊಂಡೀನಿ ಬೇ.”

ಚೆಂಡು ಬಲೆ ಸೇರಿತು. ಅಜ್ಜಿ ಟಿವಿಗೇ ಕೈಮುಗಿದಳು. ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಶಾಂಭವಿ ಹಲ್ಲಿನಿಂದ ಕಚ್ಚಿ ಎಳೆದಳು; ಮಫ್ಲರು ಮಡಿಲ ತುಂಬ ಬಿಚ್ಚಿಕೊಂಡಿತು.