ಮಾರಮ್ಮನ ಗುಡಿಗೆ ಬೀಗ

"ಥೂ! ನೀನೂ ಒಬ್ಬ ದೇವರಾ?"

ಪಾಪಮ್ಮ ಮಾರಮ್ಮನ ಗುಡಿಯ ಬಾಗಿಲನ್ನು ಧಡಾರನೆ ಎಳೆದು, ಮನೆಯಿಂದ ತಂದ ಹಿತ್ತಾಳೆ ಬೀಗ ಜಡಿದಾಗ ಅತ್ತಿಗುಪ್ಪೆಯಲ್ಲಿ ಇನ್ನೂ ಒಲೆ ಹೊತ್ತಿರಲಿಲ್ಲ. ಅವಳ ಬಾಯಿಗೇ ಊರು ಎದ್ದು ಬಂತು.

"ನನ್ನ ಮಗಳು ಈ ಊರಲ್ಲಿ ನಗ್ತಾ ಓಡಾಡೋಗಂಟ ನಿಂಗೆ ದೀಪ ಇಲ್ಲ, ಆರತಿ ಇಲ್ಲ!"

ಅತ್ತ ರಾಜಾಜಿನಗರದಲ್ಲಿ ಹೊಸ ಬಡಾವಣೆ ಏಳುತ್ತಿದ್ದರೂ ಅತ್ತಿಗುಪ್ಪೆ ಇನ್ನೂ ಹಳ್ಳಿಯೇ. ಕಷ್ಟಕ್ಕಾಗದ ದೇವರಿಗೆ ಬೀಗ ಹಾಕುವುದು ಅಲ್ಲಿ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗಂಡಸರೇ ಜಡಿದಿದ್ದರು. ಕಟ್ಟಳೆ ಒಂದೇ: ಹಾಕಿದ ಕೈಯೇ ತೆಗೆಯಬೇಕು. ಬೇರೆಯವರು ಮುಟ್ಟಿದರೆ ಅವರ ಮನೆಗೆ ಸಿಡುಬು.

ಮಗಳು ಲಕ್ಷ್ಮಿದೇವಿಯನ್ನು ಬಿನ್ನಿಪೇಟೆಯ ಬೈರಪ್ಪನಿಗೆ ಕೊಟ್ಟಿತ್ತು. ಅವನು ಕುಡಿದು ಬಡಿಯುವುದು ಎಲ್ಲರಿಗೂ ಗೊತ್ತಿತ್ತು. ಎರಡು ಸಲ ಅವಳು ಬರಿಗಾಲಲ್ಲಿ ತವರಿಗೆ ಓಡಿ ಬಂದಳು. ಎರಡು ಸಲವೂ ಪಟೇಲ ಹನುಮಂತಯ್ಯ ಅರಳಿಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಅದೇ ತೀರ್ಪು ಕೊಟ್ಟ: "ಮಾರಮ್ಮನ ಮೇಲೆ ಭಾರ ಹಾಕಿ ಕಳಿಸಮ್ಮ. ಅವಳು ಕಾಯ್ತಾಳೆ." ತನ್ನ ಮಗಳ ಮೈಮೇಲೆ ಒಂದು ಬಾಸುಂಡೆ ಎದ್ದಿದ್ದರೆ ಈ ಮುದುಕ ಹೀಗೆ ಜಗಿಯುತ್ತಿದ್ದನೇ? ಊರ ಗಂಡಸರೆಲ್ಲ ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಖರ್ಚಿಲ್ಲ.

ಹೊತ್ತೇರುವಷ್ಟರಲ್ಲಿ ಬೈರಪ್ಪ ಬಂದ, ಕೈಯಲ್ಲಿ ಸೌದೆಯ ಸೀಳು. ಹೆಂಡತಿ ಮತ್ತೆ ಮನೆ ಬಿಟ್ಟಿದ್ದಳು. ಗುಡಿಯ ಎದುರಿಗಿದ್ದ ಪಾಪಮ್ಮನ ಮನೆಗೆ ನುಗ್ಗಿ ಅಟ್ಟ, ರಾಗಿ ಕಣಜ, ಹುಲ್ಲಿನ ಮೆದೆ ಎಲ್ಲವನ್ನೂ ಜಾಲಾಡಿದ. ಸಿಕ್ಕಿದ್ದು ಒಂದು ಕೋಳಿಮೊಟ್ಟೆ. ಅದನ್ನೂ ತುಳಿದ.

"ಎಲ್ಲಿ ಬಚ್ಚಿಟ್ಟಿದೀಯ ಅವಳನ್ನ?"

"ನನ್ನೇನು ಕೇಳ್ತೀಯ? ಇವಳನ್ನ ಕೇಳು!" ಪಾಪಮ್ಮ ಗುಡಿಯತ್ತ ಕೈ ತೋರಿದಳು. "ಕಾಯೋ ಭಾರ ಹೊತ್ತೋಳು ಇವಳಲ್ವಾ?"

ಅಷ್ಟರಲ್ಲಿ ನೆರೆಮನೆಯ ವೆಂಕಟಲಕ್ಷ್ಮಮ್ಮ ಕೆರೆಯ ಕಡೆಯಿಂದ ಕೂಗುತ್ತ ಓಡಿ ಬಂದಳು. ದಂಡೆಯ ಮೇಲೆ ಲಕ್ಷ್ಮಿದೇವಿಯ ಹಸಿರು ಸೀರೆ ಬಿದ್ದಿತ್ತು, ಪಕ್ಕದಲ್ಲಿ ಬಳೆ ಚೂರು. ಬೈರಪ್ಪನ ಕೈಯ ಸೌದೆ ಕೆಳಗೆ ಬಿತ್ತು. ಅವನು ಗುಡಿಯ ಜಗಲಿಯ ಮೇಲೆ ಕುಸಿದು, ಬೀಗ ಹಾಕಿದ ಬಾಗಿಲಿಗೇ ಒರಗಿದ.

ಪಾಪಮ್ಮ ಅಳಲಿಲ್ಲ. ಒಂದು ಮುದ್ದೆ ತಂದು ಗುಡಿಯ ಪಕ್ಕದ ಗೋಡೆಯ ಕಿಂಡಿಗೆ ಬಾಯಿ ಹಚ್ಚಿ ಮತ್ತೆ ಶುರು ಮಾಡಿದಳು.

"ಮನೆಹಾಳ ಬಾಗಿಲಲ್ಲೇ ಕೂತವ್ನೆ! ಆದ್ರೂ ನೀನು ಉಸಿರೆತ್ತಬ್ಯಾಡ, ಕಲ್ಲಿನಂಗೆ ಕೂತಿರು! ತಗೋ, ತಿನ್ನು!" ಮುದ್ದೆಯನ್ನು ಕತ್ತಲೊಳಕ್ಕೆ ಎಸೆದಳು.

ಹೆಂಗಸರು ಕೆನ್ನೆ ಬಡಿದುಕೊಂಡರು. ಸಂಕಟಕ್ಕೆ ತಲೆ ಕೆಟ್ಟಿದೆ ಎಂದರು. ಹನುಮಂತಯ್ಯನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಹೋದ ಹುಡುಗಿಗಾಗಿ ಅಲ್ಲ, ನಿಂತ ಪೂಜೆಗಾಗಿ.

"ಬೈರಪ್ಪ, ನಿನ್ನಿಂದಲೇ ಆಗಿದ್ದು. ನೀನೇ ಒಡಿ ಆ ಬೀಗ."

ಬೈರಪ್ಪ ಕಲ್ಲೆತ್ತಿದ. ಪಾಪಮ್ಮ ಮೊದಲ ಸಲ ಬಾಯಿ ಮುಚ್ಚಿದಳು. ಬೈರಪ್ಪನ ಮುಖದ ತುಂಬ ಹಳೆಯ ಸಿಡುಬಿನ ಕಲೆಗಳಿದ್ದವು. ಎತ್ತಿದ ಕಲ್ಲು ಹಾಗೇ ಇಳಿಯಿತು.

"ಮಾರಮ್ಮನ ತಂಟೆ ಬ್ಯಾಡ, ಪಟೇಲ್ರೆ. ಒಂದ್ಸಲ ಅನುಭವಿಸಿದೀನಿ."

"ಹಾಗಾದ್ರೆ ಅದನ್ನ ಪೊಲೀಸ್ನೋರಿಗೆ ಹೇಳು," ಎಂದ ಹನುಮಂತಯ್ಯ. "ಹೇಳಿ ಕಳಿಸಿದೀನಿ, ಕೆರೆ ಜಾಲಾಡಕ್ಕೆ ಬರ್ತಾವ್ರೆ."

ಬೈರಪ್ಪ ಬೆವರೊರೆಸಿಕೊಂಡ. ನೀರು ಕುಡಿದು ಬರುತ್ತೇನೆಂದು ಎದ್ದವನು ಮೈಸೂರು ರಸ್ತೆ ದಾಟಿ ಓಡಿದ. ಬಿನ್ನಿಪೇಟೆಯ ಕಡೆಗಲ್ಲ, ಕೆಂಗೇರಿಯ ಕಡೆಗೆ.

ಅವನ ತಲೆ ಮರೆಯಾಗುವವರೆಗೂ ನೋಡುತ್ತಿದ್ದ ಪಾಪಮ್ಮ ಸೊಂಟದಿಂದ ಬೀಗದಕೈ ತೆಗೆದಳು.

"ಮಗಳು ನಗ್ತಾ ಓಡಾಡೋಗಂಟ ದೀಪ ಇಲ್ಲ ಅಂದಿದ್ಯಲ್ಲಮ್ಮ?" ಎಂದ ಹನುಮಂತಯ್ಯ.

"ನೀವು ಹೇಳಿದಂಗೇ ಭಾರ ಇವಳ ಮೇಲೆ ಹಾಕ್ದೆ, ಪಟೇಲ್ರೆ. ಇನ್ನು ಕಳಿಸೋದಾದ್ರೆ ಇವಳನ್ನೇ ಕೇಳಿ ಕಳಿಸಿ."

ಅವಳು ಬಾಗಿಲು ತಳ್ಳಿದಳು. ಮಾರಮ್ಮನ ಬೆನ್ನ ಹಿಂದಿನಿಂದ, ತಾಯಿಯ ಹಳೆಯ ಸೀರೆಯುಟ್ಟು, ಅರ್ಧ ತಿಂದ ಮುದ್ದೆ ಹಿಡಿದುಕೊಂಡು ಲಕ್ಷ್ಮಿದೇವಿ ಎದ್ದು ನಿಂತಳು.